ವಾರವಿಡೀ ದುಡಿಮೆ, ವಾರಾಂತ್ಯಕ್ಕೆ ಓಟ



ಕ್ರೀಡಾಪಟು ಎಂದೊಡನೆ ನಿಮ್ಮ ಕಣ್ಣ ಮುಂದೆ ಯಾರು ಬರುತ್ತಾರೆ? ವರ್ಷವಿಡೀ ಆಟವನ್ನೇ ಉದ್ಯೋಗ ಮಾಡಿಕೊಂಡವರು, ಪತ್ರಿಕೆಗಳ ಕೊನೆಯ ಪುಟದಲ್ಲಿ ದಿನವೂ ಕಾಣಿಸುವವರು. ಆದರೆ ಕ್ರೀಡೆಯ ಜಗತ್ತು ಅವರಿಂದಲೇ ತುಂಬಿಲ್ಲ. ಬೇರೆ ದುಡಿಮೆ ಮಾಡಿಕೊಂಡು, ಕರೆ ಬಂದಾಗ ಕಣಕ್ಕಿಳಿದು, ಸ್ಪರ್ಧೆ ಮುಗಿದ ಮೇಲೆ ಮತ್ತೆ ತಮ್ಮ ಕೆಲಸಕ್ಕೆ ಮರಳುವವರೂ ಇದ್ದಾರೆ. ಅಂಥ ಅರೆಕಾಲಿಕ ಸ್ಪರ್ಧಿಗಳ ಬದುಕಿನಿಂದ ನಾವು ಏನು ಕಲಿಯಬಹುದು ಎಂಬುದನ್ನು ಇಂದು ನೋಡೋಣ.

ಮೊದಲು ದೂರದ ಒಂದು ಉದಾಹರಣೆ. ಅಮೆರಿಕದಲ್ಲಿ ಸ್ಟಾಕ್ ಕಾರ್ ಓಟವೆಂಬ ಜನಪ್ರಿಯ ಕ್ರೀಡೆಯಿದೆ. ನೋಟಕ್ಕೆ ರಸ್ತೆಯ ಮೇಲಿನ ಕಾರುಗಳನ್ನೇ ಹೋಲುವ ಕಾರುಗಳ ಸ್ಪರ್ಧೆ ಇದು. ಇದನ್ನು ನಡೆಸುವ ನಾಸ್ಕಾರ್ ಸಂಸ್ಥೆ 1948ರಲ್ಲಿ ಹುಟ್ಟಿತು. ಇದರ ಹೆಚ್ಚಿನ ಓಟಗಳು ಮೊಟ್ಟೆಯಾಕಾರದ ಪಥದಲ್ಲಿ ನಡೆಯುತ್ತವೆ. ಚಾಲಕ ಸುತ್ತಿ ಸುತ್ತಿ ಎಡಕ್ಕೇ ತಿರುಗಬೇಕು. ಕ್ಯಾಲಿಫೋರ್ನಿಯಾದ ಸೊನೋಮಾ, ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್‌ನಂಥ ಕೆಲವು ಕಡೆ ಮಾತ್ರ ಘಾಟಿರಸ್ತೆಯಂತೆ ಎಡಕ್ಕೂ ಬಲಕ್ಕೂ ತಿರುವುಗಳಿರುವ ಪಥವಿದೆ. ಇಂಥ ಪಥಗಳಿಗಾಗಿಯೇ ಕೆಲವು ತಂಡಗಳು ಹೊರಗಿನಿಂದ ನಿಪುಣರನ್ನು ಕರೆಸುತ್ತಿದ್ದವು. ಬೋರಿಸ್ ಸೈದ್ ಅವರಲ್ಲೊಬ್ಬರು. ವರ್ಷಕ್ಕೆ ಕೆಲವೇ ಓಟಗಳಲ್ಲಿ ಭಾಗವಹಿಸುತ್ತಿದ್ದ ಅವರು 2010ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಎರಡನೆಯ ದರ್ಜೆಯ ನಾಸ್ಕಾರ್ ಸ್ಪರ್ಧೆಯನ್ನು ಕೂದಲೆಳೆಯ ಅಂತರದಲ್ಲಿ ಗೆದ್ದರು. ಕೆಲವೇ ಓಟ ಓಡಿದವರಾದ್ದರಿಂದ ಅವರ ಕೌಶಲ ಕಡಿಮೆಯಾಗಿತ್ತೆಂದು ಯಾರೂ ಹೇಳಲಿಲ್ಲ.

ಈಗ ನಮ್ಮ ಊರ ಕಡೆ ಬರೋಣ. ಕಡಬ ತಾಲೂಕಿನ ಕೊಯಿಲ ಗ್ರಾಮದ ಹೆಸರು ಕೇಳಿದರೆ ಅಲ್ಲಿಯ ಸರಕಾರಿ ಜಾನುವಾರು ಸಂವರ್ಧನಾ ಕ್ಷೇತ್ರ ನೆನಪಾಗುತ್ತದೆ. ಕೃಷಿಯೂ ಜಾನುವಾರು ಸಾಕಣೆಯೂ ಜೊತೆಯಾಗಿ ಬೆಳೆದುಬಂದ ಸೀಮೆ ಇದು. ಇಲ್ಲಿಂದ ಉಪ್ಪಿನಂಗಡಿ ದೂರವಲ್ಲ. ಅಲ್ಲಿ ವಿಜಯ-ವಿಕ್ರಮ ಜೋಡುಕರೆ ಕಂಬಳ ನಡೆಯುತ್ತದೆ. ಪುತ್ತೂರಿನಲ್ಲಿ ಮಹಾಲಿಂಗೇಶ್ವರ ದೇವಸ್ಥಾನದ ಮುಂದಿನ ಗದ್ದೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ ನಡೆಯುತ್ತದೆ. ನಿಮ್ಮಲ್ಲಿ ಅನೇಕರು ಇವುಗಳನ್ನು ರಾತ್ರಿಯಿಡೀ ನಿದ್ದೆಗೆಟ್ಟು ನೋಡಿರಬಹುದು.

ನೋಡದವರಿಗಾಗಿ ಎರಡು ಮಾತು. ಕಂಬಳವೆಂದರೆ ಕೆಸರುಗದ್ದೆಯಲ್ಲಿ ಕೋಣಗಳ ಜೋಡಿಯನ್ನು ಓಡಿಸುವ ಸ್ಪರ್ಧೆ. ಓಟದ ಪಥಕ್ಕೆ ‘ಕರೆ’ ಎಂದು ಹೆಸರು. ಅಕ್ಕಪಕ್ಕ ಎರಡು ಕರೆಗಳಿದ್ದರೆ ಅದು ಜೋಡುಕರೆ. ಓಟ ಹೊರಡುವ ಸ್ಥಳ ‘ಗಂತು’, ಮುಗಿಯುವ ಸ್ಥಳ ‘ಮಂಜೊಟ್ಟಿ’. ಸ್ಪರ್ಧೆಯಲ್ಲಿ ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳಿವೆ. ಹಲಗೆಯ ವಿಭಾಗಗಳಲ್ಲಿ ಓಡಿಸುವವನು ಹಲಗೆಯ ಮೇಲೆ ನಿಂತು ಸಾಗುತ್ತಾನೆ. ಕನೆ ಹಲಗೆಯಲ್ಲಿ ವೇಗಕ್ಕಿಂತ ಮೇಲಕ್ಕೆ ಚಿಮ್ಮುವ ನೀರಿನ ಎತ್ತರವೇ ಮುಖ್ಯ. ಹಗ್ಗ ಮತ್ತು ನೇಗಿಲಿನಲ್ಲಿ ಮಾತ್ರ ಅವನು ಕೋಣಗಳ ಹಿಂದೆಯೇ ಬರಿಗಾಲಲ್ಲಿ ಓಡಬೇಕು. ಕೋಣಗಳ ಯಜಮಾನ ಒಬ್ಬ, ಓಡಿಸುವವನು ಇನ್ನೊಬ್ಬ. ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚ್ ತನಕ, ವಾರಾಂತ್ಯಗಳಲ್ಲಿ ಕಂಬಳಗಳು ನಡೆಯುತ್ತವೆ. ಉಳಿದ ತಿಂಗಳುಗಳಲ್ಲಿ ಓಟಗಾರನಿಗೆ ಕರೆಯಲ್ಲಿ ಕೆಲಸವಿಲ್ಲ. ಹೊಟ್ಟೆಪಾಡಿಗೆ ಬೇರೆ ದಾರಿ ಬೇಕೇ ಬೇಕು.

ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಇಂಥ ಒಬ್ಬ ಓಟಗಾರರು. ಕಟ್ಟಡ ಕಾರ್ಮಿಕರಾಗಿ ದುಡಿಯುತ್ತಿದ್ದ ಅವರು 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ 142.50 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡುಗಳಲ್ಲಿ ದಾಟಿದರು. ಯಾರೋ ಇದನ್ನು ನೂರು ಮೀಟರಿಗೆ ಇಳಿಸಿ ಲೆಕ್ಕ ಹಾಕಿದಾಗ 9.55 ಸೆಕೆಂಡು ಬಂತು. ಜಮೈಕಾದ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58 ಸೆಕೆಂಡು. ಸುದ್ದಿ ದೇಶವನ್ನೂ ದಾಟಿ ಹೋಯಿತು. ಎರಡೇ ವಾರದಲ್ಲಿ ವೇಣೂರಿನ ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಓಡಿದರು. ಅದೇ ಲೆಕ್ಕದಲ್ಲಿ ಅದು ನೂರು ಮೀಟರಿಗೆ 9.51.

ಮಿತ್ರರೇ, ನೀವು ಗಣಿತ, ಭೌತಶಾಸ್ತ್ರ ಓದುವವರು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಭಾಗಾಕಾರ ಸರಿಯಾಗಿಯೇ ಇದೆ. ಆದರೆ ಹೋಲಿಕೆ ಸರಿಯೇ? ಬೋಲ್ಟ್ ಓಡಿದ್ದು ಒಬ್ಬಂಟಿಯಾಗಿ, ತನ್ನ ಕಾಲಿನ ಬಲದಿಂದ. ಕಂಬಳದ ಓಟಗಾರನ ಕೈಯಲ್ಲಿ ಹಗ್ಗವೋ ನೇಗಿಲೋ ಇರುತ್ತದೆ. ಅದನ್ನು ಎಳೆಯುತ್ತಿರುವುದು ಎರಡು ಬಲಿಷ್ಠ ಕೋಣಗಳು. ಓಟಗಾರನ ಬೆನ್ನ ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರಿಗಿಂತ ಹೆಚ್ಚಿದ್ದರೆ ಅಥ್ಲೆಟಿಕ್ಸ್‌ನಲ್ಲಿ ಆ ಸಮಯವನ್ನು ದಾಖಲೆಯಾಗಿ ಒಪ್ಪುವುದಿಲ್ಲ. ಗಾಳಿಯ ನೆರವಿಗೇ ಇಷ್ಟು ಕಟ್ಟುನಿಟ್ಟಾದರೆ, ಕೋಣಗಳ ಎಳೆತವನ್ನು ಯಾವ ಲೆಕ್ಕಕ್ಕೆ ಸೇರಿಸೋಣ? ಇನ್ನೊಂದು ವಿಷಯ: ಕರೆಗಳ ಉದ್ದ ಊರಿಂದೂರಿಗೆ ಬೇರೆ, ನೀರು ಕೆಸರಿನ ಪ್ರಮಾಣವೂ ಬೇರೆ. ಐಕಳದ ಸಮಯಕ್ಕೂ ವೇಣೂರಿನ ಸಮಯಕ್ಕೂ ಹೋಲಿಕೆಯೇ ಕಷ್ಟವಾಗಿರುವಾಗ ಬರ್ಲಿನ್ ಎಲ್ಲಿಂದ ಬಂತು?

ಹಾಗಾದರೆ ಶ್ರೀನಿವಾಸ ಗೌಡರ ಸಾಧನೆ ಸಣ್ಣದೇ? ಖಂಡಿತ ಅಲ್ಲ. ಕೋಣಗಳು ಎಳೆಯುತ್ತವೆ ನಿಜ, ಆದರೆ ಆ ವೇಗಕ್ಕೆ ಸರಿಯಾಗಿ ಹೆಜ್ಜೆ ಹಾಕದವನು ಕೆಸರಿನಲ್ಲಿ ಮುಗ್ಗರಿಸುತ್ತಾನೆ. ಬರಿಗಾಲು, ಜಾರುವ ನೆಲ, ಕಣ್ಣಿಗೆ ರಾಚುವ ನೀರು. ಇವುಗಳ ನಡುವೆ ಗಂಟೆಗೆ ಸರಾಸರಿ 37 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಎರಡು ಕೋಣಗಳನ್ನು ನೇರ ದಾರಿಯಲ್ಲಿ ಹಿಡಿದು ಓಡಿಸುವುದು ಬೇರೆಯದೇ ಒಂದು ವಿದ್ಯೆ. ಅದನ್ನು ಅಳೆಯಲು ಅದರದೇ ಅಳತೆಗೋಲು ಬೇಕು. ಸೇರಿನಲ್ಲಿ ಬಟ್ಟೆ ಅಳೆಯಲಾದೀತೇ? ಕಂಬಳ ಅಕಾಡೆಮಿಯ ಮೂಲಕ ತರುಣರಿಗೆ ತರಬೇತಿ ನೀಡಿದ ಪ್ರೊ. ಗುಣಪಾಲ ಕಡಂಬ ಅವರೂ ಒಲಿಂಪಿಕ್ಸ್ ಜೊತೆಗಿನ ಹೋಲಿಕೆಗೆ ಆತುರಪಡಲಿಲ್ಲ. ಶ್ರೀನಿವಾಸರಂತೂ ಮೆಚ್ಚುಗೆಯ ಪಾಲನ್ನು ಕೋಣಗಳಿಗೇ ಕೊಟ್ಟರು. ಇದೂ ಒಂದು ಪಾಠವೇ.

ಮುಂದೆ ನಡೆದದ್ದು ಇನ್ನೂ ಮುಖ್ಯ. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಶ್ರೀನಿವಾಸರನ್ನು ಪರೀಕ್ಷಿಸುವುದಾಗಿ ಪ್ರಕಟಿಸಿದರು. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಬೆಂಗಳೂರಿಗೆ ಕರೆಸಿ 3 ಲಕ್ಷ ರೂಪಾಯಿ ನೀಡಿ ಸನ್ಮಾನಿಸಿದರು. ಆದರೆ ಶ್ರೀನಿವಾಸರು ಆಗ ಓಟದ ಪರೀಕ್ಷೆಗೆ ಒಪ್ಪಲಿಲ್ಲ. ಕಾಲಿಗೆ ಪೆಟ್ಟಾಗಿದೆ, ಕಂಬಳದ ಋತು ನಡೆಯುತ್ತಿದೆ, ತನ್ನ ಗಮನ ಕಂಬಳದ ಕಡೆಗಿದೆ ಎಂದರು.

ಕೈಗೆ ಬಂದ ಅವಕಾಶ ಬಿಟ್ಟರಲ್ಲ ಎಂದು ನಿಮಗೆ ಅನಿಸಬಹುದು. ಅವರ ಜಾಗದಲ್ಲಿ ನಿಂತು ನೋಡಿ. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಡುವವರು ಚಿಕ್ಕಂದಿನಿಂದ ಮೊಳೆ ಬೂಟು ತೊಟ್ಟು, ಬಗ್ಗಿ ಕುಳಿತು ಚಿಮ್ಮುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. 28ರ ಹರೆಯದಲ್ಲಿ, ಗಾಯಗೊಂಡ ಕಾಲಿನಲ್ಲಿ, ಗೊತ್ತಿಲ್ಲದ ನೆಲದ ಮೇಲೆ ಒಂದು ದಿನ ಓಡಿ ಸೋತಿದ್ದರೆ ಹಾಡಿ ಹೊಗಳಿದ ಬಾಯಿಗಳೇ ಮೂದಲಿಸುತ್ತಿರಲಿಲ್ಲವೇ? ಹೊಗಳಿಕೆಯ ಹೊಳೆಯಲ್ಲಿ ಕೊಚ್ಚಿಹೋಗದೆ ತನ್ನ ನೆಲ ಯಾವುದೆಂದು ತಿಳಿದು ನಿಲ್ಲುವುದಕ್ಕೂ ಧೈರ್ಯ ಬೇಕು. ಮರುವರ್ಷ, 2021ರಲ್ಲಿ, ಅವರು ಕಕ್ಯಪದವಿನ ಕಂಬಳದಲ್ಲಿ 125 ಮೀಟರನ್ನು 11.21 ಸೆಕೆಂಡುಗಳಲ್ಲಿ ಓಡಿ ತಮ್ಮ ಹಿಂದಿನ ವೇಗವನ್ನೇ ಮೀರಿಸಿದರು.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಅರೆಕಾಲಿಕ ಓಟಗಾರನ ಬದುಕು ತನ್ನ ಕೈಯಲ್ಲಿಲ್ಲದ ಹಲವು ಸಂಗತಿಗಳಿಗೆ ಕಟ್ಟುಬಿದ್ದಿದೆ. ಪ್ರಾಣಿಹಿಂಸೆಯ ಪ್ರಶ್ನೆ ಎದ್ದು 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಬಗ್ಗೆ ತೀರ್ಪು ನೀಡಿದಾಗ ಅದರ ಬಿಸಿ ಕಂಬಳಕ್ಕೂ ತಟ್ಟಿತು. 2016ರ ನವೆಂಬರಿನಲ್ಲಿ ರಾಜ್ಯದ ಹೈಕೋರ್ಟು ಮಧ್ಯಂತರ ತಡೆ ನೀಡಿತು. ಬಳಿಕ ರಾಜ್ಯ ಸರಕಾರ ಕಾಯಿದೆಗೆ ತಿದ್ದುಪಡಿ ತಂದಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ಕೋಣಕ್ಕೆ ಅನಗತ್ಯ ನೋವು ಕೊಡಬಾರದೆಂಬ ಹೊಣೆ ಅದರೊಂದಿಗೇ ಬಂದಿದೆ. ಆಟ ಉಳಿಯಬೇಕಾದರೆ ಈ ಹೊಣೆಯನ್ನು ಯಜಮಾನರೂ ಓಟಗಾರರೂ ಮರೆಯುವಂತಿಲ್ಲ. ಹಾಗೆಯೇ, ಓಡುವ ಹುಡುಗನ ಕಾಲು ಮುರಿದರೆ ಅವನ ಕೂಲಿಯೂ ನಿಲ್ಲುತ್ತದೆ ಎಂಬುದನ್ನು ಚಪ್ಪಾಳೆ ತಟ್ಟುವ ನಾವೂ ಮರೆಯುವಂತಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಒಬ್ಬರಿಗೆ ಓಟ, ಇನ್ನೊಬ್ಬರಿಗೆ ಯಕ್ಷಗಾನ, ಮತ್ತೊಬ್ಬರಿಗೆ ಚಿತ್ರಕಲೆ ಒಲಿದಿರಬಹುದು. ಅದರಿಂದಲೇ ಜೀವನ ಸಾಗದೆ ಇರಬಹುದು. ಹಾಗೆಂದು ಅದನ್ನು ಬಿಟ್ಟುಬಿಡಬೇಕಾಗಿಲ್ಲ. ಅದಕ್ಕಾಗಿ ಓದನ್ನೂ ದುಡಿಮೆಯನ್ನೂ ಕಡೆಗಣಿಸಬೇಕಾಗಿಯೂ ಇಲ್ಲ. ಎರಡನ್ನೂ ಶ್ರದ್ಧೆಯಿಂದ ಮಾಡಿ. ಯಾರಾದರೂ ನಿಮ್ಮನ್ನು ದೊಡ್ಡವರೊಡನೆ ಹೋಲಿಸಿ ಹೊಗಳಿದರೆ, ಯಾವ ಅಳತೆಗೋಲಿನಿಂದ ಅಳೆದರು ಎಂದು ಒಮ್ಮೆ ಕೇಳಿಕೊಳ್ಳಿ. ಮುಂದಿನ ಋತುವಿನಲ್ಲಿ ಉಪ್ಪಿನಂಗಡಿಗೋ ಪುತ್ತೂರಿಗೋ ಕಂಬಳ ನೋಡಲು ಹೋದಾಗ, ಮಂಜೊಟ್ಟಿಗೆ ಮೊದಲು ಮುಟ್ಟಿದ ಕೋಣಗಳ ಜೊತೆಗೆ, ಅವುಗಳ ಹಿಂದೆ ಕೆಸರಿನಲ್ಲಿ ಮುಳುಗೆದ್ದು ಬಂದ ಆ ಓಟಗಾರನ ಹೆಸರನ್ನೂ ಕೇಳಿ ತಿಳಿದುಕೊಳ್ಳಿ. ಮರುದಿನ ಬೆಳಿಗ್ಗೆ ಅವನಿಗೆ ಕೆಲಸಕ್ಕೆ ಹೋಗಲಿಕ್ಕಿದೆ.