ಒಕ್ಕಲುತನವೂ ನಗರದ ಬಾಳೂ
(ಶ್ರೀಮಠದ ಮಹೋತ್ಸವದ ಅಂಗವಾಗಿ ಭದ್ರಾವತಿಯ ನ್ಯೂ ಟೌನಿನಲ್ಲಿ ನಡೆದ ಉಪನ್ಯಾಸ)



ನಗರವು ಹಳ್ಳಿಯ ಮಗಳು. ಮಗಳು ಗಂಡನ ಮನೆಯನ್ನು ಸೇರಿದ ಮೇಲೆಯೂ ತವರಿನ ನಡೆನುಡಿಗಳನ್ನು ಮರೆಯಲಾರಳು. ಅಂತೆಯೇ ನಗರವು ಎಷ್ಟೇ ಬೆಳೆದರೂ ಒಕ್ಕಲುತನದ ಋಣದಿಂದ ಬಿಡುಗಡೆಯನ್ನು ಹೊಂದಲಾರದು. ಇದಕ್ಕೆ ಸಾಕ್ಷಿಯನ್ನು ದೂರದಲ್ಲಿ ಅರಸಬೇಕಾಗಿಲ್ಲ. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಈ ಊರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾಗಿ ಹುಟ್ಟಿದ ಕಾರ್ಖಾನೆಯು 1923ರಲ್ಲಿ ಕಬ್ಬಿಣವನ್ನು ಕರಗಿಸಲಾರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಬಂದಿತು. ಕುಲುಮೆಯ ಇದ್ದಲು ಮಲೆನಾಡಿನ ಮರಗಳಿಂದ ಬಂದಿತು. ದುಡಿಯುವ ಕೈಗಳು ಊರೂರುಗಳಿಂದ ಬಂದವು. ನ್ಯೂ ಟೌನು ಹೆಸರಿಗೆ ಹೊಸ ಊರಾದರೂ ಅದರ ಬೇರು ಹಳೆಯ ಮಣ್ಣಿನಲ್ಲಿಯೇ ಇದೆ.

ಪರದೇಶಗಳಲ್ಲಿಯೂ ಬಲ್ಲವರು ಈ ಮಾತನ್ನು ಕಂಡುಕೊಂಡರು. ಹೊಗೆಯಿಂದ ಕವಿದ ಪಟ್ಟಣಗಳನ್ನು ನೋಡಿ ನೊಂದ ಇಂಗ್ಲೆಂಡಿನ ಎಬೆನೀಜರ್ ಹೊವಾರ್ಡನು, ಹೊಲಗಳಿಂದ ಸುತ್ತುವರಿಯಲ್ಪಟ್ಟ ಉದ್ಯಾನನಗರಗಳನ್ನು ಕಟ್ಟಬೇಕೆಂದು 1898ರಲ್ಲಿ ಗ್ರಂಥಮುಖವಾಗಿ ಸಾರಿದನು. 1903ರಲ್ಲಿ ಲೆಚ್‌ವರ್ತ್ ಎಂಬ ಊರು ಆ ಕ್ರಮದಲ್ಲಿ ಆರಂಭವಾಯಿತು. ಆದರೆ ಮಲೆನಾಡಿನ ಒಕ್ಕಲಿಗನು ಇದನ್ನು ಯಾವ ಗ್ರಂಥದಿಂದಲೂ ಕಲಿಯಲಿಲ್ಲ. ಅವನ ತೊಟ್ಟಿಯ ಮನೆಯನ್ನು ನೋಡಿರಿ. ನಡುವಣ ತೊಟ್ಟಿಯು ಬೆಳಕನ್ನೂ ಗಾಳಿಯನ್ನೂ ಒಳಕ್ಕೆ ತರುತ್ತದೆ. ಇಳಿಜಾರಾದ ಹೆಂಚಿನ ಮಾಡು ಬಿರುಮಳೆಯನ್ನು ಜಾರಿಸುತ್ತದೆ. ಜಗಲಿಯು ದಾರಿಹೋಕನಿಗೆ ವಿಶ್ರಾಂತಿಯನ್ನೀಯುತ್ತದೆ. ಅಂಗಳವು ಅಡಿಕೆಯನ್ನು ಒಣಗಿಸುವುದಕ್ಕೂ ಮದುವೆಯ ಚಪ್ಪರಕ್ಕೂ ಒದಗುತ್ತದೆ. ಇಂದು ನಗರಗಳಲ್ಲಿ ಮನೆಗಳನ್ನು ರಚಿಸುವ ಶಿಲ್ಪಿಗಳು ಈ ತೊಟ್ಟಿ ಜಗಲಿಗಳನ್ನೇ ಮತ್ತೆ ಅರಸುತ್ತಿರುವುದು ಆಶ್ಚರ್ಯವಲ್ಲ.

ಮನೆಯಂತೆಯೇ ಮನೆಯ ಒಡವೆಗಳು. ತೋಟದಲ್ಲಿ ತಾನಾಗಿ ಉದುರುವ ಅಡಿಕೆಯ ಹಾಳೆಯನ್ನು ನೀರಿನಲ್ಲಿ ನೆನೆಯಿಸಿ, ಕಾದ ಅಚ್ಚಿನಲ್ಲಿ ಒತ್ತಿ ಮಾಡಿದ ತಟ್ಟೆಗಳು ಈಗ ಪಟ್ಟಣದ ಔತಣಗಳಲ್ಲಿ ಶೋಭಿಸುತ್ತಿವೆ. ಅಡಿಕೆಯನ್ನು ಬೇಯಿಸಿದಾಗ ಉಳಿಯುವ ಚೊಗರಿನಿಂದ, ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಸಂಸ್ಥೆಯ ಹೆಣ್ಣುಮಕ್ಕಳು ನೂಲಿಗೆ ಬಣ್ಣ ಕಟ್ಟುತ್ತಾರೆ. ಅದೇ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿಯ ನಾರಿನ ಕುಂಚವನ್ನು ಅಕ್ಕಿಯ ಹಿಟ್ಟಿನಲ್ಲಿ ಅದ್ದಿ ಹಸೆ ಚಿತ್ತಾರವನ್ನು ಬರೆಯುತ್ತಾರೆ. ಭೂಮಿ ಹುಣ್ಣಿಮೆಯಂದು ತೆನೆಯೊಡೆಯುವ ಪೈರನ್ನು ಬಸುರಿಯೆಂದು ಭಾವಿಸಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಅವಳಿಗೆ ಬಯಕೆಯ ಅಡುಗೆಯನ್ನು ಒಯ್ಯುತ್ತಾರೆ. ಆ ಚಿತ್ತಾರದ ಗೆರೆಗಳು ಈಗ ನಗರದ ಗೋಡೆಗಳನ್ನೂ ಉಡುಪುಗಳನ್ನೂ ಅಲಂಕರಿಸುತ್ತಿವೆ.

ಇದು ಸಂತೋಷದ ವಿಷಯವೇ ಸರಿ. ಆದರೆ ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕವಾಗಿದೆ. ರೂಪವನ್ನು ಕೊಂಡು ಧರ್ಮವನ್ನು ಬಿಟ್ಟರೆ ಅದು ಹೂವನ್ನು ಕಿತ್ತು ಗಿಡವನ್ನು ಒಣಗಲು ಬಿಟ್ಟಂತೆ. ಭದ್ರೆಯ ಕಾಲುವೆಗಳು ಹರಿಯುವ ಸೀಮೆಯಲ್ಲಿ ಎಷ್ಟೋ ಭತ್ತದ ಗದ್ದೆಗಳು ಅಡಿಕೆಯ ತೋಟಗಳಾಗಿವೆ. ಊರಂಚಿನ ಗದ್ದೆಗಳು ನಿವೇಶನಗಳಾಗುತ್ತಿವೆ. ಅಡಿಕೆಗೆ ಬೆಲೆಯಿರುವಾಗ ರೈತನನ್ನು ದೂರುವುದು ನ್ಯಾಯವಲ್ಲ. ಅವನಿಗೂ ಸಾಲವಿದೆ, ಸಂಸಾರವಿದೆ. ಆದರೆ ಗದ್ದೆಯೇ ಇಲ್ಲವಾದ ಮೇಲೆ ಭೂಮಿ ಹುಣ್ಣಿಮೆಯ ಬುಟ್ಟಿಯನ್ನು ಎಲ್ಲಿಗೆ ಒಯ್ಯುವುದು? ತೆನೆಯನ್ನೇ ಕಾಣದ ಮಗುವು ತೆನೆಯ ಚಿತ್ತಾರದಲ್ಲಿ ಏನನ್ನು ಕಂಡೀತು?

ಶಿವಶರಣರು ಇದಕ್ಕೆ ದಾರಿಯನ್ನು ತೋರಿದ್ದಾರೆ. ಅಲ್ಲಮಪ್ರಭುಗಳಿಗೂ ಅಕ್ಕಮಹಾದೇವಿಗೂ ಜನ್ಮವಿತ್ತ ಈ ಜಿಲ್ಲೆಯವರಿಗೆ ಆ ದಾರಿಯು ಅಪರಿಚಿತವಲ್ಲ. ಮೇದಾರ ಕೇತಯ್ಯನವರು ಬಿದಿರಿನ ಬುಟ್ಟಿಯನ್ನು ಹೆಣೆದರು. ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗವನ್ನು ಹೊಸೆದರು. ಒಕ್ಕಲಿಗ ಮುದ್ದಣ್ಣನವರು ನೇಗಿಲನ್ನು ಹಿಡಿದರು. ಅವರ ಕೈಯಿಂದ ಬಂದ ಪದಾರ್ಥಕ್ಕೆ ಚೆಲುವು ಬೇರೆ, ಉಪಯೋಗ ಬೇರೆ ಎಂಬ ಭೇದವಿರಲಿಲ್ಲ. ಮಾಡಿದ್ದು ಕಾಯಕ, ಬಂದದ್ದು ದಾಸೋಹಕ್ಕೆ. ಕಾಯಕವಂತನ ಬುಟ್ಟಿಯನ್ನು ಹೊಗಳುತ್ತ ಅವನ ಹಸಿವನ್ನು ಕಾಣದಿರುವುದು ಶರಣಧರ್ಮವಲ್ಲ.

ಆದುದರಿಂದ ನ್ಯೂ ಟೌನಿನ ಸದ್ಭಕ್ತರು ಮಾಡಬೇಕಾದ ಕಾರ್ಯವು ಸುಲಭವಾಗಿಯೂ ಸ್ಪಷ್ಟವಾಗಿಯೂ ಇದೆ. ಹಾಳೆಯ ತಟ್ಟೆಯನ್ನಾಗಲಿ ಕೈಮಗ್ಗದ ಬಟ್ಟೆಯನ್ನಾಗಲಿ ಕೊಳ್ಳುವಾಗ ಚೌಕಾಸಿಯನ್ನು ತೊರೆದು ತಕ್ಕ ಬೆಲೆಯನ್ನು ಕೊಡತಕ್ಕದ್ದು. ಮನೆಯನ್ನು ಕಟ್ಟುವಾಗ ನೆಲವನ್ನೆಲ್ಲ ಸಿಮೆಂಟಿನಿಂದ ಮುಚ್ಚದೆ, ಮಳೆಯ ನೀರು ಇಂಗಲೆಂದು ಅಂಗೈಯಗಲದ ಅಂಗಳವನ್ನಾದರೂ ಬಿಡತಕ್ಕದ್ದು. ವರ್ಷಕ್ಕೊಮ್ಮೆ ಭೂಮಿ ಹುಣ್ಣಿಮೆಯಂದು ಮಕ್ಕಳನ್ನು ಗದ್ದೆಯ ಬದುವಿಗೆ ಕರೆದೊಯ್ಯತಕ್ಕದ್ದು. ಮಠದ ದಾಸೋಹದಲ್ಲಿ ಉಣ್ಣುವ ಒಂದೊಂದು ಅಗುಳಿನ ಹಿಂದೆಯೂ ಬೆವರಿದೆಯೆಂದು ಆ ಬದುವಿನ ಮೇಲೆ ನಿಂತ ಮಗುವು ತಾನಾಗಿಯೇ ಅರಿಯುವುದು. ಅರಿತ ಮಗುವು ಮುಂದೆ ಯಾವ ನಗರವನ್ನು ಕಟ್ಟಿದರೂ ಅದರಲ್ಲಿ ಒಕ್ಕಲಿಗನಿಗೆ ಒಂದು ಜಗಲಿಯಿರುವುದು.