ಜನರೇಟರ್ ಮುನಿಸಿಕೊಂಡಾಗ

2020ರ ಅಕ್ಟೋಬರ್ 12ರಂದು ಮುಂಬಯಿಯ ಬಹುಭಾಗಕ್ಕೆ ಕರೆಂಟು ಹೋದದ್ದು ನೆನಪಿದೆಯಲ್ಲ? ಅಂಥ ಹೊತ್ತಿಗೇ ಅಂಗಡಿಯ ಪುಟ್ಟ ಪೆಟ್ರೋಲ್ ಜನರೇಟರ್ ಮುಷ್ಕರ ಹೂಡುವುದು! ಹಗ್ಗ ಎಳೆದೆಳೆದು ತೋಳು ಸೋಲುವ ಮುನ್ನ ಇಷ್ಟು ನೋಡಿ.

ಮೊದಲು ಸ್ವಿಚ್, ಪೆಟ್ರೋಲ್ ಕಾಕ್, ಚೋಕ್. ಆಮೇಲೆ ಆಯಿಲ್, ಅದು ಕಡಿಮೆಯಾದರೆ ಹಲವು ಎಂಜಿನ್‌ಗಳು ಶುರುವಾಗುವುದೇ ಇಲ್ಲ. ಟ್ಯಾಂಕಿನಲ್ಲಿ ಕಳೆದ ಮಳೆಗಾಲದ ಪೆಟ್ರೋಲ್ ಇದೆಯೇ? ಹಳೆಯದು ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರ ಕಟ್ಟುತ್ತದೆ. ಇಳಿಸಿ, ಹೊಸದು ತುಂಬಿ.

ಇನ್ನು ಪ್ಲಗ್ ಬಿಚ್ಚಿ. ಒದ್ದೆಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಒರೆಸಿ ಹಾಕಿ, ಚೋಕ್ ತೆಗೆದು ಎಳೆಯಿರಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಮಸಿ ಹಿಡಿದಿದ್ದರೆ ಏರ್ ಫಿಲ್ಟರ್ ತೊಳೆಯಬೇಕೇನೋ ನೋಡಿ. ಸ್ವಲ್ಪ ಹೊತ್ತು ಓಡಿ ನಿಂತುಬಿಟ್ಟರೆ, ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಕಟ್ಟಿರಬಹುದು.

ಕೊನೆಯದಾಗಿ, ಮಳೆಯೆಂದು ಜನರೇಟರನ್ನು ಒಳಗಿಟ್ಟು ಶಟರ್ ಎಳೆಯಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಂಗಡಿಯಲ್ಲೇ ಮಲಗುವ ನಮ್ಮ ಹುಡುಗರು ಬೆಳಿಗ್ಗೆ ಏಳಬೇಕಲ್ಲ? ಒಂದು ರಾತ್ರಿ ಮೇಣದ ಬತ್ತಿಯೇ ಸಾಕು.