ಅತ್ತೆಯ ಕ್ಯಾಲೆಂಡರ್, ನನ್ನ ಎಕ್ಸೆಲ್ ಹಾಳೆ

 

ನನಗೆ ಕೊಟ್ಟ ವಿಷಯ ‘ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ನಿರ್ಧಾರ ನೆರವಿನ ತಂತ್ರಜ್ಞಾನ’. ಹೆಸರು ಕೇಳಿದರೇ ಆಕಳಿಕೆ ಬರುವಂತಿದೆ, ಒಪ್ಪಿಕೊಳ್ಳುತ್ತೇನೆ. ಆದ್ದರಿಂದ ಸ್ಲೈಡ್‌ಗಳನ್ನು ಬದಿಗಿಟ್ಟು ನಮ್ಮ ಮನೆಯ ಇಡ್ಲಿ ಹಿಟ್ಟಿನ ಕಥೆಯನ್ನೇ ಹೇಳುತ್ತೇನೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪು ಇದೆ. ಆ ತಪ್ಪಿಗೆ ಬೆಲೆ ತೆತ್ತವರು ನನ್ನ ಅತ್ತೆ.

ನಾನು ಹುಬ್ಬಳ್ಳಿಯಲ್ಲಿ ಎಂಟೆಕ್ ಮುಗಿಸಿ ನಾಗಪುರದಲ್ಲಿ ಐಟಿ ಕೆಲಸಕ್ಕೆ ಸೇರಿದವಳು. ಗಂಡನ ಮನೆ ಸಾವನೇರ್. ನಾಗಪುರದಿಂದ ಛಿಂದವಾಡಾ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್. ಸುತ್ತ ಸಂತ್ರಾ ತೋಟ, ಹತ್ತಿ ಹೊಲ, ಕಲ್ಲಿದ್ದಲು ಗಣಿ. ಗಣಿ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಬಂದ ಮಾವ ನಿವೃತ್ತಿಯಾದ ಮೇಲೆ ಅಲ್ಲೇ ರಸ್ತೆ ಬದಿಗೆ ಒಂದು ಸಣ್ಣ ಟಿಫಿನ್ ಹೋಟೆಲ್ ತೆರೆದರು. ಬೋರ್ಡಿನಲ್ಲಿ, ಲೈಸೆನ್ಸಿನಲ್ಲಿ, ಬ್ಯಾಂಕಿನಲ್ಲಿ ಮಾವನ ಹೆಸರು. ಎಷ್ಟು ಅಕ್ಕಿ ನೆನೆಹಾಕಬೇಕು, ಯಾರಿಗೆ ಉದ್ರಿ ಕೊಡಬೇಕು, ಯಾವ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು ಎನ್ನುವುದೆಲ್ಲ ಅತ್ತೆಯದು. ಊರಿಗೆಲ್ಲ ತರ್ರಿ ಪೋಹಾ ಚಟ. ಅಂಥ ಊರಲ್ಲಿ ಇಡ್ಲಿಗೆ ಗಿರಾಕಿ ಹುಟ್ಟಿಸಿದವರು ಅವರೇ.

2022ರ ನವೆಂಬರ್‌ನಲ್ಲಿ, ಸಂತ್ರಾ ಕಟಾವಿನ ಗದ್ದಲದಲ್ಲಿ, ಅತ್ತೆ ಒಂದು ಮಾತು ಎತ್ತಿದರು. ಗ್ರೈಂಡರ್ ಸಣ್ಣದಾಗಿದೆ, ದೊಡ್ಡದು ತರೋಣ. ಬೆಲೆ ಸುಮಾರು 60,000 ರೂಪಾಯಿ. ಮಾವ ನನ್ನ ಕಡೆ ನೋಡಿದರು. ಆಫೀಸಿನಲ್ಲಿ ನನ್ನ ಕೆಲಸವೇ ದೊಡ್ಡ ಕಂಪನಿಗಳಿಗೆ ‘ನಾಳೆ ಎಷ್ಟು ಮಾಲು ಬೇಕಾದೀತು’ ಎಂದು ಅಂದಾಜು ಹೇಳುವ ಸಾಫ್ಟ್‌ವೇರ್ ಬರೆಯುವುದು. ಹೊರಗಿನವರಿಗೆ ಮಾಡುವುದನ್ನು ಮನೆಗೆ ಮಾಡದಿದ್ದರೆ ಹೇಗೆ ಎಂದು ಹುರುಪಿನಿಂದ ಕೂತೆ.

ಈ ವಿದ್ಯೆ ಹೊಸದೇನಲ್ಲ. ಗಾರಿ ಮತ್ತು ಸ್ಕಾಟ್ ಮಾರ್ಟನ್ ಎಂಬಿಬ್ಬರು 1971ರಲ್ಲಿ ಬರೆದ ಲೇಖನದಿಂದ ‘ಡಿಸಿಷನ್ ಸಪೋರ್ಟ್ ಸಿಸ್ಟಮ್’ ಎಂಬ ಹೆಸರು ಚಾಲ್ತಿಗೆ ಬಂತು. ಕೆಲವು ನಿರ್ಧಾರಗಳನ್ನು ಪೂರ್ತಿ ಯಂತ್ರಕ್ಕೆ ಬಿಡಬಹುದು, ಕೆಲವನ್ನು ಮನುಷ್ಯರೇ ಮಾಡಬೇಕು, ನಡುವೆ ಇರುವಂಥವಕ್ಕೆ ಯಂತ್ರ ಲೆಕ್ಕ ಹಾಕಿಕೊಟ್ಟರೆ ಮನುಷ್ಯ ತೀರ್ಮಾನಿಸಲಿ ಎನ್ನುವುದು ಅದರ ತಿರುಳು. 1979ರಲ್ಲಿ ವಿಸಿಕ್ಯಾಲ್ಕ್ ಬಂದಮೇಲೆ ‘ಹೀಗೆ ಮಾಡಿದರೆ ಏನಾದೀತು’ ಎಂದು ಅಂಕಿ ಬದಲಿಸಿ ನೋಡುವ ಸೌಕರ್ಯ ಸಣ್ಣ ಅಂಗಡಿಯವರಿಗೂ ಸಿಕ್ಕಿತು. ನಮ್ಮ ಬೆಂಗಳೂರಿನಲ್ಲೇ 1986ರಲ್ಲಿ ಶುರುವಾದ ಟ್ಯಾಲಿ ದೇಶದ ಅಂಗಡಿಗಳ ಲೆಕ್ಕವನ್ನು ಕಂಪ್ಯೂಟರಿಗೆ ತಂದಿತು. ಆದರೆ ಲೆಕ್ಕದ ಸಾಫ್ಟ್‌ವೇರ್ ಹೇಳುವುದು ನಿನ್ನೆ ಏನಾಯಿತು ಎಂಬುದನ್ನು. ನಾಳೆ ಎಷ್ಟು ಅಕ್ಕಿ ನೆನೆಹಾಕಲಿ ಎಂಬ ಪ್ರಶ್ನೆಯೇ ಬೇರೆ.

ಆ ಪ್ರಶ್ನೆಗೆ ಒಂದು ಹಳೆಯ ಲೆಕ್ಕವಿದೆ, ಪೇಪರ್ ಮಾರುವವನ ಲೆಕ್ಕ ಎನ್ನುತ್ತಾರೆ. ಹೆಚ್ಚು ತಂದರೆ ಉಳಿದದ್ದು ರದ್ದಿ. ಕಡಿಮೆ ತಂದರೆ ಗಿರಾಕಿ ತಪ್ಪಿಹೋಗುತ್ತಾನೆ. ನಮ್ಮದನ್ನೇ ತೆಗೆದುಕೊಳ್ಳಿ. ಒಂದು ಪ್ಲೇಟ್ ಇಡ್ಲಿ 30 ರೂಪಾಯಿ. ಗ್ಯಾಸೂ ಸೇರಿ ಖರ್ಚು 12. ಒಂದು ಪ್ಲೇಟ್ ಕಡಿಮೆ ಬಿದ್ದರೆ 18 ರೂಪಾಯಿ ನಷ್ಟ. ಒಂದು ಪ್ಲೇಟಿನ ಹಿಟ್ಟು ಮಿಕ್ಕರೆ ಅತ್ತೆ ಪಡ್ಡು ಹಾಕಿ 4 ರೂಪಾಯಿ ವಾಪಸ್ ತೆಗೆಯುತ್ತಾರೆ, ನಷ್ಟ 8. 18ನ್ನು 26ರಿಂದ (18 ಕೂಡಿಸು 8) ಭಾಗಿಸಿದರೆ 0.69. ಅಂದರೆ ಹತ್ತು ದಿನದಲ್ಲಿ ಏಳು ದಿನ ಹಿಟ್ಟು ಸಾಕಾಗಿ, ಮೂರು ದಿನ ಮಾತ್ರ ಕಡಿಮೆ ಬೀಳುವಷ್ಟು ರುಬ್ಬಿದರೆ ಲಾಭ ಹೆಚ್ಚು. ನಾಗಪುರದ ಮೇ ತಿಂಗಳ ಬಿಸಿಲಿನಲ್ಲಿ ಮಧ್ಯಾಹ್ನದೊಳಗೆ ಹಿಟ್ಟು ಹುಳಿಯಾಗಿ ಪಡ್ಡಿಗೂ ಬಾರದು. ಆಗ ಮಿಕ್ಕದ್ದಕ್ಕೆ ಪೂರ್ತಿ 12 ನಷ್ಟ, ಲೆಕ್ಕ 0.6ಕ್ಕೆ ಇಳಿಯುತ್ತದೆ. ಇದನ್ನು ಅತ್ತೆಗೆ ವಿವರಿಸಿದಾಗ, ‘ಬ್ಯಾಸಗ್ಯಾಗ ನಾ ಒಂದ್ ಸೇರು ಕಡಿಮಿ ಹಾಕೂದು ಅದಕ್ಕ ಅಲ್ಲೇನವಾ’ ಎಂದರು. ನನಗೆ ಎರಡು ಸಂಜೆ ಹಿಡಿದ ಲೆಕ್ಕ ಅದು.

ಒಂದು ವರ್ಷದ ವಹಿ ತಂದು ಎಕ್ಸೆಲ್‌ಗೆ ಏರಿಸಿದೆ. ಗ್ರಾಫ್ ನೋಡಿ ನನಗೇ ಆಶ್ಚರ್ಯ. ಹಬ್ಬ, ಮಳೆ ಎಂದು ಹತ್ತಿಪ್ಪತ್ತು ದಿನ ಬಿಟ್ಟರೆ ಪ್ರತಿದಿನದ ಮಾರಾಟ 115ರಿಂದ 122 ಪ್ಲೇಟ್. ಗೆರೆ ಎಳೆದ ಹಾಗೆ ಸಮ! ನಾನು ವರದಿ ಬರೆದೆ: ಬೇಡಿಕೆ ಸ್ಥಿರವಾಗಿದೆ, ಸುಮಾರು 120. ಈಗಿನ ಗ್ರೈಂಡರ್ ಸಾಕು. ಹೊಸ ಖರ್ಚು ಬೇಡ. ಬಣ್ಣದ ಗ್ರಾಫ್ ಹಾಕಿ, ಮಾವನ ಫೋನಿಗೂ ಗಂಡನ ಫೋನಿಗೂ ಕಳಿಸಿದೆ. ಅತ್ತೆಯ ಹತ್ತಿರ ಇದ್ದದ್ದು ಬಟನ್ ಫೋನ್.

ಅತ್ತೆ ಎರಡು ಮೂರು ಸಲ ಮತ್ತೆ ಕೇಳಿದರು. ‘ಎಂಟೆಕ್ ಓದಿದ ಸೊಸಿ ಲೆಕ್ಕ ಹಾಕಿ ಬ್ಯಾಡಂದಾಳಲ್ಲ’ ಎಂದು ಮಾವ ಮಾತು ಮುಗಿಸಿದರು. ಆಮೇಲೆ ಅತ್ತೆ ಕೇಳುವುದನ್ನು ಬಿಟ್ಟರು.

ಮುಂದಿನ ವರ್ಷ ಜೂನ್‌ನಲ್ಲಿ ಕೆಲಸದ ಹುಡುಗ ಊರಿಗೆ ಹೋಗಿದ್ದ. ನಾನು ಒಂದು ವಾರ ರಜೆ ಹಾಕಿ ಗಲ್ಲೆಯ ಮೇಲೆ ಕೂತೆ. ಟಿಫಿನ್ ಬೆಳಿಗ್ಗೆ 7ರಿಂದ 11ರವರೆಗೆ. ಮೊದಲ ದಿನ ಒಂಬತ್ತೂವರೆಗೆ ಅತ್ತೆ ಒಳಗಿನಿಂದ ‘ಇಡ್ಲಿ ಮುಗೀತು’ ಎಂದು ಕೂಗಿದರು. ಆಮೇಲೆ ಬಂದವರೆಲ್ಲ ಬಾಗಿಲಲ್ಲೇ ನಿಂತು, ‘ಇಡ್ಲಿ ಸಂಪಲೀ ಕಾ?’ ಎಂದು ಕೇಳಿ ಹೋಗುತ್ತಿದ್ದರು. ಇಬ್ಬರು, ಐವರು, ಒಂದು ಟೆಂಪೋ ತುಂಬ ತೋಟದ ಕೆಲಸದವರು. ಮೂರನೆಯ ದಿನ ಸಂತೆ. ಅಂದು ಒಂಬತ್ತಕ್ಕೇ ಪಾತ್ರೆ ಖಾಲಿ.

ಸಂಜೆ ವಹಿ ಬರೆಯುವಾಗ 120 ಎಂದು ಬರೆದೆ, ಕೈ ಅಲ್ಲೇ ನಿಂತಿತು. ನಮ್ಮ ಗ್ರೈಂಡರಿನಲ್ಲಿ ಎರಡು ಸಲ ರುಬ್ಬಿದರೆ ಬರುವುದೇ 120 ಪ್ಲೇಟಿನ ಹಿಟ್ಟು. ವರ್ಷವಿಡೀ ಗೆರೆ ಎಳೆದಂತೆ ಕಂಡದ್ದು ಬೇಡಿಕೆಯಲ್ಲ, ಗ್ರೈಂಡರಿನ ಅಳತೆ. ಗ್ರೈಂಡರ್ ಸಣ್ಣದಾಯಿತೇ ಎಂಬ ಪ್ರಶ್ನೆಗೆ ನಾನು ಗ್ರೈಂಡರನ್ನೇ ಸಾಕ್ಷಿ ಕೇಳಿದ್ದೆ!

ಅತ್ತೆಯ ಹತ್ತಿರ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ‘ನೀ ಬರದದ್ದು ಖರೇನ ಐತಿ ಬಿಡವಾ. ವಾಪಸ್ ಹೋದ ಮಂದೀನ ಎಲ್ಲಿ ಬರೀತಿದ್ದಿ, ವಹಿಯೊಳಗ ಅವರಿಗೆ ಜಾಗಾ ಎಲ್ಲೈತಿ?’ ಎಂದರು.

ನಮ್ಮ ಶಾಸ್ತ್ರದಲ್ಲಿ ಈ ದೋಷಕ್ಕೆ ಹೆಸರಿದೆ, ನಾನು ಪರೀಕ್ಷೆಗೆ ಓದಿಯೂ ಇದ್ದೆ. ಮಾರಾಟ ಬೇರೆ, ಬೇಡಿಕೆ ಬೇರೆ. ಮಾಲು ಮುಗಿದ ಮೇಲೆ ಬಂದ ಗಿರಾಕಿ ಯಾವ ದಾಖಲೆಯಲ್ಲೂ ಇರುವುದಿಲ್ಲ. ದೊಡ್ಡ ಕಂಪನಿಗಳ ಸಾಫ್ಟ್‌ವೇರ್‌ನಲ್ಲಿ ಮಾಲು ಇರಲಿಲ್ಲ ಎಂಬ ದಾಖಲೆಯೂ ಇರುತ್ತದೆ, ನಾವು ಅದನ್ನು ನೋಡಿ ಸರಿಪಡಿಸುತ್ತೇವೆ. ಮನೆಯ ವಹಿಯಲ್ಲಿ ಅದಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ, ಏಕೆಂದರೆ ಯಾವತ್ತೂ ಒಳಗೆ ಬಂದು ಕೇಳಿರಲಿಲ್ಲ. ಕುತೂಹಲಕ್ಕೆ ಇತ್ತೀಚೆಗೆ ಅದೇ ಹಳೆಯ ವಹಿಯ ಅಂಕಿಗಳನ್ನು ಎಐಗೂ ಕೊಟ್ಟು ನೋಡಿದೆ. ನನ್ನದಕ್ಕಿಂತ ಚೆಂದದ ಗ್ರಾಫ್ ಬರೆದು, ನನ್ನದೇ ತಪ್ಪು ಉತ್ತರ ಕೊಟ್ಟಿತು.

ಸರಿಪಡಿಸಲು ಬೇಕಾದದ್ದು ದಿನಕ್ಕೆ ಒಂದೇ ಅಂಕಿ: ಇಡ್ಲಿ ಎಷ್ಟು ಹೊತ್ತಿಗೆ ಮುಗಿಯಿತು. ನಾನು ಆ್ಯಪ್ ಮಾಡುತ್ತೇನೆ ಎಂದೆ. ಅತ್ತೆ ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರ್ ತೋರಿಸಿದರು. ಮಹಾರಾಷ್ಟ್ರದ ಮನೆಗಳಲ್ಲಿ ಅದು ಇಲ್ಲದ ಗೋಡೆ ಕಡಿಮೆ. ಅಂದಿನ ಚೌಕದಲ್ಲಿ ಪೆನ್ಸಿಲ್‌ನಿಂದ 9-30 ಎಂದು ಬರೆದರು. ಅದೇ ನಮ್ಮ ಡೇಟಾಬೇಸ್ ಆಯಿತು.

ಮುಂದಿನದು ಸರಳ. ಇಡ್ಲಿ 11ರವರೆಗೂ ಉಳಿದ ದಿನಗಳ ಯುಪಿಐ ಪಾವತಿಗಳ ವೇಳೆ ನೋಡಿದೆ. ದಿನದ ವ್ಯಾಪಾರದ 60 ಪಾಲು 9ರೊಳಗೆ, 72 ಪಾಲು ಒಂಬತ್ತೂವರೆಯೊಳಗೆ ಆಗುತ್ತಿತ್ತು. ನಗದು ಕೊಡುವವರು ಇದರಲ್ಲಿ ಇಲ್ಲ, ಅಲ್ಲದೆ ಅವು ವ್ಯಾಪಾರ ತಣ್ಣಗಿದ್ದ ದಿನಗಳು. ಹಾಗಾಗಿ ಇದು ಅಂದಾಜು ಅಷ್ಟೆ. ಒಂಬತ್ತೂವರೆಗೆ 120 ಮುಗಿದರೆ ಆ ದಿನದ ಬೇಡಿಕೆ 167. ಸಂತೆಯ ದಿನ ಒಂಬತ್ತಕ್ಕೇ ಮುಗಿದರೆ 200. ವಾರದ ಸರಾಸರಿ ತೆಗೆದರೆ ದಿನಕ್ಕೆ 52 ಪ್ಲೇಟಿನ ಗಿರಾಕಿ ಹಿಂದಿರುಗುತ್ತಿದ್ದರು. ನನ್ನ ಉತ್ತರ ಹೇಳುವ ಮೊದಲು ಅತ್ತೆಯನ್ನು ಕೇಳಿದ್ದೆ. ಅವರು ‘ಅರವತ್ತು’ ಅಂದಿದ್ದರು.

52 ಪ್ಲೇಟಿಗೆ ದಿನಕ್ಕೆ 936 ರೂಪಾಯಿ. ಇನ್ನೊಬ್ಬ ಸಹಾಯಕನಿಗೆ 400 ಕೊಟ್ಟರೂ 536 ಉಳಿಯುತ್ತದೆ. ಗ್ರೈಂಡರಿನ ದುಡ್ಡು ನಾಲ್ಕು ತಿಂಗಳೊಳಗೆ ವಾಪಸ್. ಜುಲೈನಲ್ಲಿ ತಂದೆವು. ಅಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು, ಲಕ್ಷದ ಮೇಲೆ ಕೈಬಿಟ್ಟಿತ್ತು. ಬಸ್ ಸ್ಟ್ಯಾಂಡಿನ ಎದುರು ಹೊಸದಾಗಿ ಒಂದು ಇಡ್ಲಿ ಗಾಡಿಯೂ ನಿಂತಿತ್ತು. ನಮ್ಮ ಬಾಗಿಲಿಂದ ಹೋದವರು ಅಲ್ಲಿ ತಿನ್ನುತ್ತಿದ್ದರು. ಅವರಲ್ಲಿ ಎಷ್ಟೋ ಜನ ಇನ್ನೂ ಅಲ್ಲೇ ತಿನ್ನುತ್ತಾರೆ.

ಕ್ಯಾಲೆಂಡರಿನಿಂದ ಇನ್ನೊಂದು ಉಪಕಾರವಾಯಿತು. ವಿದರ್ಭದಲ್ಲಿ ಪೋಳಾ ದೊಡ್ಡ ಹಬ್ಬ, ಎತ್ತುಗಳ ಪೂಜೆ. ರೈತರು ಮನೆಯಲ್ಲೇ ಇರುತ್ತಾರೆ, ನಮ್ಮಲ್ಲಿ ವ್ಯಾಪಾರ ಅರ್ಧಕ್ಕರ್ಧ. 2022ರಲ್ಲಿ ಅದು ಆಗಸ್ಟ್ ಕೊನೆಗೆ ಬಂದಿತ್ತು. ನನ್ನ ಪ್ರೋಗ್ರಾಮು ಅದನ್ನೇ ಕಲಿತು, 2023ರ ಆಗಸ್ಟ್ ಕೊನೆಗೆ ‘ಅರ್ಧ ನೆನೆಹಾಕಿ’ ಎಂದಿತು. ಆದರೆ ಆ ವರ್ಷ ಅಧಿಕ ಶ್ರಾವಣ, ಪೋಳಾ ಹೋಗಿದ್ದು ಸೆಪ್ಟೆಂಬರ್ ಮಧ್ಯಕ್ಕೆ. ಅತ್ತೆ ಪೂರ್ತಿ ನೆನೆಹಾಕಿ, ‘ನಿನ್ನ ಮಷೀನಿಗೆ ಅಮಾವಾಸ್ಯಿ ಗೊತ್ತಿಲ್ಲೇನು?’ ಎಂದು ಕೇಳಿದರು. ಗೊತ್ತಿರಲಿಲ್ಲ. ಈಗ ತಿಥಿ, ಏಕಾದಶಿ, ಸಂತೆ, ಸಂತ್ರಾದ ಅಂಬಿಯಾ ಮತ್ತು ಮೃಗ್ ಬಹಾರಿನ ಕಟಾವು ಎಲ್ಲವನ್ನೂ ಒಂದೊಂದು ಕಾಲಮ್ ಮಾಡಿ ಸೇರಿಸಿದ್ದೇನೆ.

2024ರಲ್ಲಿ ಹತ್ತಿರದ ಒಂದು ಕಾರ್ಖಾನೆಯಿಂದ ದಿನಕ್ಕೆ 150 ಊಟದ ಆರ್ಡರ್ ಬಂತು. ಊಟಕ್ಕೆ 70 ರೂಪಾಯಿ, ನಮ್ಮ ಖರ್ಚು 55. ತಿಂಗಳಿಗೆ 26 ದಿನ, ಲಾಭ 58,500. ಮನೆಯಲ್ಲಿ ಗಂಡಸರು ಹಿಗ್ಗಿದರು. ಈ ಸಲ ನಾನು ಹಾಳೆಯನ್ನು ಅತ್ತೆಯ ಎದುರೇ ತೆರೆದೆ. ಅವರು ಕೇಳಿದ್ದು ಒಂದೇ: ‘ರೊಕ್ಕ ಯಾವಾಗ ಕೊಡ್ತಾರ?’ ತಿಂಗಳ ಕೊನೆಗೆ ಬಿಲ್, ಬಿಲ್ ಆದ 90 ದಿನಕ್ಕೆ ಪಾವತಿ. ಅಂದರೆ ಮೊದಲ ರೂಪಾಯಿ ಬರುವ ಮುಂಚೆ ನಾಲ್ಕು ತಿಂಗಳ ಖರ್ಚು, 8,58,000 ರೂಪಾಯಿ, ನಾವು ಹಾಕಬೇಕು. ಲಾಭದ ಸಾಲಿನ ಪಕ್ಕದಲ್ಲಿ ‘ಕೈಯಲ್ಲಿರುವ ಹಣ’ ಎಂಬ ಇನ್ನೊಂದು ಸಾಲು ಹಾಕಿ, ಅದು ಯಾವ ತಿಂಗಳು ಸೊನ್ನೆಗಿಂತ ಕೆಳಗಿಳಿಯುತ್ತದೆ ನೋಡಿ. ಸಾಲ ಮಾಡುವ ಮುನ್ನ ಇದನ್ನು ಖಂಡಿತ ಮಾಡಿ.

ಕಾನೂನು ನಮ್ಮ ಕಡೆ ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಬರಹದ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. 2023-24ರ ಹಣಕಾಸು ವರ್ಷದಿಂದ ಆದಾಯ ತೆರಿಗೆಯಲ್ಲೂ ಬಿಗಿ ಬಂದಿದೆ: ಅವಧಿ ಮೀರಿ ಕೊಟ್ಟರೆ ಖರೀದಿದಾರರು ಆ ಖರ್ಚನ್ನು ನಿಜವಾಗಿ ಹಣ ಕೊಟ್ಟ ವರ್ಷದಲ್ಲಷ್ಟೇ ಕಳೆಯಬಹುದು. ಇದರ ಪ್ರಯೋಜನಕ್ಕೆ ಉದ್ಯಮ್ ನೋಂದಣಿ ಬೇಕು, ಅದಕ್ಕೆ ಶುಲ್ಕವಿಲ್ಲ. ಅತ್ತೆ 45 ದಿನ ಮತ್ತು 60 ಊಟಕ್ಕೆ ಒಪ್ಪುವುದಾಗಿ ಹೇಳಿಕಳಿಸಿದರು. ಅತ್ತಲಿಂದ ಉತ್ತರ ಬರಲಿಲ್ಲ, ಕೆಲಸ ಬೇರೆಯವರಿಗೆ ಹೋಯಿತು. ಮಾವ ಒಂದು ವಾರ ಮುನಿಸಿಕೊಂಡಿದ್ದರು. ಅತ್ತೆ ಮಾಡಿದ್ದು ಸರಿ ಎಂದು ನನಗೆ ಈಗಲೂ ಅನಿಸುತ್ತದೆ.

ನಮ್ಮ ವೇದಿಕೆಯಲ್ಲಿ ವಾಟ್ಸಾಪಿನಲ್ಲಿ ಸೀರೆ ಮಾರುವವರಿದ್ದೀರಿ, ಚಟ್ನಿಪುಡಿ, ರೊಟ್ಟಿ ಮಾಡುವವರಿದ್ದೀರಿ, ಬ್ಲೌಸ್ ಹೊಲಿಯುವವರಿದ್ದೀರಿ. ‘ಯಾವ ಸಾಫ್ಟ್‌ವೇರ್ ತಗೊಳ್ಳಲಿ?’ ಎಂದು ನನ್ನನ್ನು ಕೇಳುತ್ತೀರಿ. ಕೊಳ್ಳುವ ಮೊದಲು ಒಂದು ತಿಂಗಳು ‘ಇಲ್ಲ’ ಎಂದದ್ದನ್ನು ಬರೆದಿಡಿ. ಯಾವ ಬಣ್ಣದ ಇಳಕಲ್ ಕೇಳಿದರು, ನಿಮ್ಮಲ್ಲಿ ಇರಲಿಲ್ಲ? ದಸರೆಗೆ ಎಷ್ಟು ಬ್ಲೌಸ್ ಆಗುವುದಿಲ್ಲ ಎಂದು ವಾಪಸ್ ಕಳಿಸಿದಿರಿ? ಸಾಫ್ಟ್‌ವೇರ್ ತಂದಮೇಲೆ ಅದರ ಒಟಿಪಿ ಯಾರ ಫೋನಿಗೆ ಬರುತ್ತದೆ ಎಂಬುದನ್ನೂ ನೋಡಿಕೊಳ್ಳಿ. ನಮ್ಮ ಮನೆಯಲ್ಲಿ ಒಂದು ವರ್ಷ ಅದು ನನ್ನ ಗಂಡನ ಫೋನಿಗೆ ಬರುತ್ತಿತ್ತು, ಅವರು ನಾಗಪುರದ ಆಫೀಸಿನಲ್ಲಿ ಮೀಟಿಂಗಿನಲ್ಲಿರುತ್ತಿದ್ದರು. ಈಗ ಅತ್ತೆಯ ಹತ್ತಿರ ಸ್ಮಾರ್ಟ್‌ಫೋನ್ ಇದೆ. ಮಧ್ಯಾಹ್ನ ಹನ್ನೆರಡಕ್ಕೆ ‘ನಾಳೆ ಇಷ್ಟು’ ಎಂದು ಕನ್ನಡದಲ್ಲಿ ಒಂದು ಮೆಸೇಜ್ ಹೋಗುತ್ತದೆ. ವಾರದಲ್ಲಿ ಎರಡು ದಿನವಾದರೂ ಅದನ್ನು ಮೀರಿ ತಮ್ಮದೇ ಅಳತೆಯಲ್ಲಿ ನೆನೆಹಾಕುತ್ತಾರೆ. ಯಾಕೆ ಎಂದು ಕ್ಯಾಲೆಂಡರಿನಲ್ಲಿ ಬರೆಯಿರಿ ಎಂದು ಕೇಳಿಕೊಂಡಿದ್ದೇನೆ. ಮೊನ್ನೆ ‘ಟೆಂಪೋದವನ ಮಗಳ ಮದುವಿ’ ಎಂದು ಬರೆದಿದ್ದರು.

ಆ ಎಕ್ಸೆಲ್ ಹಾಳೆಯನ್ನು ಕನ್ನಡದ ತಲೆಬರಹಗಳೊಂದಿಗೆ ಸಿದ್ಧಮಾಡಿದ್ದೇನೆ. ಬೇಕಾದವರು ಸಭೆಯ ನಂತರ ಕೇಳಿ, ಕಳಿಸುತ್ತೇನೆ. ಬೆಲೆ, ಖರ್ಚು, ಮಿಕ್ಕದ್ದಕ್ಕೆ ಸಿಗುವ ದುಡ್ಡು, ಈ ಮೂರು ಅಂಕಿಗಳನ್ನು ತುಂಬಿಕೊಂಡು ಬಂದರೆ ಉಳಿದದ್ದನ್ನು ಕೂತು ಮಾಡೋಣ.